ವಿಂಡೋಸ್‌ಗೆ ಹೋದ ಸಾಕೆಟ್ ಕೋಡ್

ಪ್ರಶ್ನೆ: ಲಿನಕ್ಸ್‌ನಲ್ಲಿ ಓಡುವ ನನ್ನ ಸಿ ಸರ್ವರ್ ಕೋಡನ್ನು ವಿಂಡೋಸ್‌ಗೆ ಒಯ್ಯಲು ವಿನ್‌ಸಾಕ್2.ಎಚ್ (ವಿಂಡೋಸ್‌ನಲ್ಲಿ ಸಾಕೆಟ್, ಅಂದರೆ ನೆಟ್‌ವರ್ಕ್ ಸಂಪರ್ಕಕ್ಕೆ ಬೇಕಾದ ಹೆಡರ್ ಫೈಲ್) ಸೇರಿಸಿದ್ದೇನೆ. ವಿಶುವಲ್ ಸ್ಟುಡಿಯೋ 'ಸಾಕ್ಅಡ್ರ್ ಮರುವ್ಯಾಖ್ಯಾನ' ಎಂದು ಪುಟಗಟ್ಟಲೆ ದೋಷ ತೋರಿಸುತ್ತದೆ. ಮಿಂಗ್‌ಡಬ್ಲ್ಯುನಲ್ಲಿ (ವಿಂಡೋಸ್‌ಗಾಗಿ ಇರುವ ಜಿಸಿಸಿ ಕಂಪೈಲರ್) ಕಂಪೈಲ್ ಆಗುತ್ತದೆ, ಲಿಂಕ್ ಆಗುವುದಿಲ್ಲ.

ಉತ್ತರ: ಎರಡೂ ಬೇರೆ ಬೇರೆ ತೊಂದರೆಗಳು. ವಿಂಡೋಸ್.ಎಚ್ ತನ್ನೊಳಗೆ ಹಳೆಯ ವಿನ್‌ಸಾಕ್.ಎಚ್ ಅನ್ನು ಎಳೆದು ತರುತ್ತದೆ, ಆಮೇಲೆ ವಿನ್‌ಸಾಕ್2.ಎಚ್ ಬಂದರೆ ಅವೇ ಸ್ಟ್ರಕ್ಟ್‌ಗಳು ಎರಡು ಸಲ ಸಿಗುತ್ತವೆ. ವಿನ್‌ಸಾಕ್2.ಎಚ್, ಡಬ್ಲ್ಯುಎಸ್2ಟಿಸಿಪಿಐಪಿ.ಎಚ್, ಕೊನೆಗೆ ವಿಂಡೋಸ್.ಎಚ್: ಈ ಕ್ರಮ ಇರಲಿ. ಬೇರೆ ಹೆಡರ್ ಒಳಗಿಂದ ವಿಂಡೋಸ್.ಎಚ್ ನುಸುಳಬಹುದು, ಹಾಗಾಗಿ ಬಿಲ್ಡ್ ಆಯ್ಕೆಯಲ್ಲೇ ವಿನ್32_ಲೀನ್_ಅಂಡ್_ಮೀನ್ ಡಿಫೈನ್ ಮಾಡಿಬಿಡಿ, ಆಗ ಅದು ಹಳೆಯ ವಿನ್‌ಸಾಕ್.ಎಚ್ ಅನ್ನು ತರುವುದಿಲ್ಲ.

ಲಿಂಕ್ ಆಗದಿರಲು ಕಾರಣ ಡಬ್ಲ್ಯುಎಸ್2_32 ಲೈಬ್ರರಿ ಸೇರದಿರುವುದು. ಮಿಂಗ್‌ಡಬ್ಲ್ಯು ಆಜ್ಞೆಯಲ್ಲಿ -ಎಲ್‌ಡಬ್ಲ್ಯುಎಸ್2_32 ಅನ್ನು ಆಬ್ಜೆಕ್ಟ್ ಫೈಲುಗಳ ನಂತರ ಬರೆಯಿರಿ. ಮೊದಲೇ ಬರೆದರೆ ಇದ್ದೂ ಇಲ್ಲದಂತೆ.

ಪ್ರಶ್ನೆ: ಬಿಲ್ಡ್ ಆಯಿತು. ಆದರೆ ಸಾಕೆಟ್ ತೆರೆಯುವುದಿಲ್ಲ, ದೋಷ ತೋರಿಸುವ ಪಿಎರರ್ 'ನೋ ಎರರ್' ಎನ್ನುತ್ತದೆ!

ಉತ್ತರ: ವಿನ್‌ಸಾಕ್ ತನ್ನ ದೋಷಗಳನ್ನು ಪಿಎರರ್ ಓದುವ ಎರ್ನೋದಲ್ಲಿ ಇಡುವುದಿಲ್ಲ. ಡಬ್ಲ್ಯುಎಸ್ಎಗೆಟ್‌ಲಾಸ್ಟ್‌ಎರರ್ ಕೇಳಿ ನೋಡಿ. 10093 ಬಂದರೆ ವಿನ್‌ಸಾಕ್ ಅನ್ನು ಸಿದ್ಧಪಡಿಸುವ ಡಬ್ಲ್ಯುಎಸ್ಎಸ್ಟಾರ್ಟಪ್ ಕರೆಯುವುದು ಬಿಟ್ಟುಹೋಗಿದೆ ಎಂದರ್ಥ. ಮೇನ್‌ನ ಆರಂಭದಲ್ಲೇ ಆವೃತ್ತಿ 2.2 ಕೇಳಿ ಅದನ್ನು ಕರೆಯಿರಿ.

ಕಂಪೈಲರ್ ತಡೆಯದೇ ಬಿಡುವ ಇಂಥವೇ ಹೆಚ್ಚು ಕಾಡುವವು. ವಿಂಡೋಸ್‌ನ ಸಾಕೆಟ್ ಟೈಪ್ ಅನ್‌ಸೈನ್ಡ್, ಅಂದರೆ ಋಣ ಸಂಖ್ಯೆ ಹಿಡಿಯದು. ವೇರಿಯಬಲ್‌ಗೆ ಆ ಟೈಪ್ ಕೊಟ್ಟ ಮೇಲೆ 'ಸೊನ್ನೆಗಿಂತ ಕಡಿಮೆಯೇ' ಎಂಬ ಪರೀಕ್ಷೆ ಎಂದೂ ನಿಜವಾಗದು. ಇನ್ವ್ಯಾಲಿಡ್_ಸಾಕೆಟ್ ಜತೆಗೇ ಹೋಲಿಸಿ. ಜಿಸಿಸಿಯಲ್ಲಿ -ಡಬ್ಲ್ಯುಎಕ್ಸ್‌ಟ್ರಾ ಹಾಕಿದರೆ ಇದಕ್ಕೆ ಎಚ್ಚರಿಕೆ ಸಿಗುತ್ತದೆ, -ಡಬ್ಲ್ಯುಆಲ್ ಸಾಲದು. ಕ್ಲೋಸ್ ಬದಲು ಕ್ಲೋಸ್‌ಸಾಕೆಟ್ ಬೇಕು. ಇಲ್ಲವಾದರೆ ಸಾಕೆಟ್ ತೆರೆದೇ ಉಳಿಯುತ್ತದೆ. ಸಾಕೆಟ್ ಕರೆಗಳು ಕಾಯದೇ ಮರಳುವಂತೆ (ನಾನ್‌ಬ್ಲಾಕಿಂಗ್) ಮಾಡುವ ಎಫ್‌ಸಿಎನ್‌ಟಿಎಲ್ ಜಾಗಕ್ಕೆ ಐಒಸಿಟಿಎಲ್‌ಸಾಕೆಟ್ ಮತ್ತು ಎಫ್‌ಐಒಎನ್‌ಬಿಐಒ. ಆಗ ಕನೆಕ್ಟ್ ಇನ್ನೂ ನಡೆಯುತ್ತಿದ್ದರೆ ಲಿನಕ್ಸ್ ಇಇನ್‌ಪ್ರೋಗ್ರೆಸ್ ಕೊಡುತ್ತದೆ, ವಿಂಡೋಸ್ 10035, ಅಂದರೆ ಡಬ್ಲ್ಯುಎಸ್ಎಇವುಡ್‌ಬ್ಲಾಕ್. ಅದನ್ನು ವೈಫಲ್ಯವೆಂದು ಭಾವಿಸಿ ಸಾಕೆಟ್ ಮುಚ್ಚುವ ಕೋಡ್ ಬಹಳ.

ಈ ವ್ಯತ್ಯಾಸಗಳನ್ನೆಲ್ಲ ಒಂದೇ ಹೆಡರ್ ಫೈಲಿನಲ್ಲಿ ಕಟ್ಟಿಹಾಕಿ. ಕಡತಕ್ಕೆ ಹತ್ತರಂತೆ ಇಫ್‌ಡೆಫ್ ಚೆಲ್ಲಿದರೆ ಮುಂದಿನವರು ನಿಮ್ಮನ್ನು ಶಪಿಸುತ್ತಾರೆ.

ಪ್ರಶ್ನೆ: ಅದೇ ಕೋಡ್ ಮ್ಯಾಕ್‌ನಲ್ಲಿ 'ಆಕ್ಸೆಪ್ಟ್4 ಗೊತ್ತಿಲ್ಲ' ಎನ್ನುತ್ತದೆ.

ಉತ್ತರ: ಸಂಪರ್ಕ ಸ್ವೀಕರಿಸುವಾಗಲೇ ಸಾಕೆಟ್ ಅನ್ನು ನಾನ್‌ಬ್ಲಾಕಿಂಗ್ ಮಾಡಬಲ್ಲ ಕರೆ ಅದು, ಮ್ಯಾಕ್‌ನಲ್ಲಿ ಇಲ್ಲ. ಆಕ್ಸೆಪ್ಟ್ ಕರೆದು, ನಂತರ ಎಫ್‌ಸಿಎನ್‌ಟಿಎಲ್‌ನಿಂದ ಒ_ನಾನ್‌ಬ್ಲಾಕ್ ಹಚ್ಚಿ. ಹಳೆಯ ಎಸ್‌ಡಿಕೆಗಳಲ್ಲಿ ಸೆಂಡ್‌ಗೆ ಕೊಡುವ, ಸಿಗ್‌ಪೈಪ್ ಎಂಬ ಸಿಗ್ನಲ್ ತಡೆಯುವ ಎಂಎಸ್‌ಜಿ_ನೋಸಿಗ್ನಲ್ ಕೂಡ ಸಿಗದು. ಅದನ್ನು ಸೊನ್ನೆ ಎಂದು ಡಿಫೈನ್ ಮಾಡಿದರೆ ಕಂಪೈಲ್ ಆಗುತ್ತದೆ ನಿಜ, ಆದರೆ ಎದುರಿನವರು ಸಂಪರ್ಕ ಕಡಿದ ಮೇಲೆ ಸೆಂಡ್ ಮಾಡಿದಾಗ ಸಿಗ್‌ಪೈಪ್ ಬಂದು ಇಡೀ ಸರ್ವರ್ ಬಿದ್ದುಹೋಗುತ್ತದೆ. ಪ್ರತಿ ಸಾಕೆಟ್‌ಗೂ ಸೆಟ್‌ಸಾಕ್‌ಆಪ್ಟ್ ಮೂಲಕ ಎಸ್‌ಒ_ನೋಸಿಗ್‌ಪೈಪ್ ಹಾಕಿ.