ಮನೆಯಲ್ಲಿ ಕಟ್ಟಿದ ರಾಕ್ ಕ್ರಾಲರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ರಿಮೋಟ್‌ನಿಂದ ನಡೆಯುವ, ಬಂಡೆ ಹತ್ತುವ ಗಾಡಿಯೊಂದನ್ನು ಅಲ್ಯೂಮಿನಿಯಂ ಪಟ್ಟಿಗಳಿಂದ ನಾನೇ ಕಟ್ಟಿದ್ದೇನೆ. ಮುಂದಿನ ಆಕ್ಸಲ್ಲಿಗೊಂದು, ಹಿಂದಿನದಕ್ಕೊಂದು ಗಿಯರ್ ಮೋಟರ್ ಇದೆ. ಎರಡೂ 6 ವೋಲ್ಟಿನವು, ನಿಮಿಷಕ್ಕೆ 100 ಸುತ್ತಿನವು. ಬ್ಯಾಟರಿ 11.1 ವೋಲ್ಟಿನದಾದ್ದರಿಂದ ಮೋಟರುಗಳನ್ನು ಸರಣಿಯಲ್ಲಿ ಜೋಡಿಸಿದೆ. ಅಂಗಳದಲ್ಲಿ ಚೆನ್ನಾಗಿ ಓಡುತ್ತದೆ. ಕಲ್ಲಿಗೆ ಹತ್ತಿಸಿದರೆ ಮಾತ್ರ ಮುಂದಿನ ಚಕ್ರಗಳು ಮೇಲೆದ್ದು ಗಿರ್ರನೆ ತಿರುಗುತ್ತವೆ, ಹಿಂದಿನವು ನಿಂತುಬಿಡುತ್ತವೆ. ಇನ್ನೂ ದೊಡ್ಡ ಮೋಟರ್ ಹಾಕಬೇಕೇ?
— ಓದುಗರು, ಸಾಗರ

ಉತ್ತರ: ದೊಡ್ಡ ಮೋಟರ್ ಹಾಕಿದರೂ ಇದೇ ಆಗುತ್ತದೆ, ಏಕೆಂದರೆ ದೋಷವಿರುವುದು ತಂತಿಯ ಜೋಡಣೆಯಲ್ಲಿ. ತಿರುಗುತ್ತಿರುವ ಡಿಸಿ ಮೋಟರು ತಾನೇ ಒಂದು ಡೈನಮೊದಂತೆ ವರ್ತಿಸಿ, ತನಗೆ ಬರುವ ವೋಲ್ಟೇಜಿಗೆ ಎದುರಾಗಿ ಇನ್ನೊಂದು ವೋಲ್ಟೇಜನ್ನು ಹುಟ್ಟಿಸುತ್ತದೆ. ವೇಗ ಹೆಚ್ಚಿದಷ್ಟೂ ಈ ಎದುರು ವೋಲ್ಟೇಜ್ ಹೆಚ್ಚು. ಸರಣಿ ಜೋಡಣೆಯಲ್ಲಿ ಎರಡು ಮೋಟರುಗಳಲ್ಲೂ ಹರಿಯುವ ಕರೆಂಟ್ ಒಂದೇ. ಮುಂದಿನ ಚಕ್ರಗಳು ನೆಲ ಬಿಟ್ಟೊಡನೆ ಅಲ್ಲಿನ ಮೋಟರು ಹೊರೆಯಿಲ್ಲದೆ ವೇಗವಾಗಿ ತಿರುಗಿ, ಬ್ಯಾಟರಿಯ ವೋಲ್ಟೇಜಿನ ಬಹುಪಾಲನ್ನು ತಾನೇ ನುಂಗಿ, ಕರೆಂಟನ್ನು ತೀರ ಇಳಿಸಿಬಿಡುತ್ತದೆ. ಮೋಟರಿನ ತಿರುಗುಬಲ, ಅಂದರೆ ಟಾರ್ಕ್, ಕರೆಂಟನ್ನೇ ಅನುಸರಿಸುವುದರಿಂದ, ಹಿಂದಿನ ಆಕ್ಸಲ್ಲಿಗೆ ಬಲ ಬೇಕಾದ ಗಳಿಗೆಯಲ್ಲೇ ಅದು ಸಿಗದಂತಾಗುತ್ತದೆ.

ಕೆಸರಿನಲ್ಲಿ ಒಂದು ಚಕ್ರ ಜಾರುವಾಗ ದೊಡ್ಡ ಕಾರಿನ ಡಿಫರೆನ್ಷಿಯಲ್, ಅಂದರೆ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗಿಯರ್ ಜೋಡಣೆ, ಕೂಡ ಹೀಗೆಯೇ ಕೈಕೊಡುತ್ತದೆ. ಎರಡು ಚಕ್ರಗಳಿಗೂ ಸಮನಾದ ಟಾರ್ಕ್ ಕೊಡುವುದು ಅದರ ಸ್ವಭಾವ. ಜಾರುವ ಚಕ್ರ ಎಷ್ಟು ಕಡಿಮೆ ಹಿಡಿಯುತ್ತದೋ ಗಟ್ಟಿ ನೆಲದ ಮೇಲಿನ ಚಕ್ರಕ್ಕೂ ಅಷ್ಟೇ ದಕ್ಕುತ್ತದೆ. ಆದುದರಿಂದ ಕ್ರಾಲರ್ ಕಟ್ಟುವವರು ಡಿಫರೆನ್ಷಿಯಲ್ಲನ್ನು ಬಿಟ್ಟುಬಿಡುತ್ತಾರೆ, ಇಲ್ಲವೇ ಲಾಕ್ ಮಾಡುತ್ತಾರೆ. ಎತ್ತಿನಗಾಡಿಯಲ್ಲಿ ಚಕ್ರಗಳು ಇರುಸಿನ ಮೇಲೆ ತಮ್ಮ ಪಾಡಿಗೆ ತಾವು ತಿರುಗುತ್ತವೆ. ರೈಲಿನಲ್ಲಿ ಎರಡು ಚಕ್ರಗಳೂ ಆಕ್ಸಲ್ಲಿಗೆ ಬಿಗಿದು ಕೂತು ಒಟ್ಟಿಗೇ ಉರುಳುತ್ತವೆ. ಕ್ರಾಲರ್‌ಗೆ ಬೇಕಾದದ್ದು ರೈಲಿನ ಕ್ರಮ. ತಿರುವಿನಲ್ಲಿ ಟಯರುಗಳು ನೆಲಕ್ಕೆ ಉಜ್ಜುತ್ತವೆ, ಹೊರಳಲು ಹೆಚ್ಚು ಜಾಗ ಬೇಕಾಗುತ್ತದೆ, ಆದರೆ ಕಲ್ಲಿನ ಮೇಲೆ ಅದೊಂದು ತೊಡಕೇ ಅಲ್ಲ.

ಈಗ ನೀವು ಮಾಡಬೇಕಾದದ್ದಿಷ್ಟು. ಎರಡು ಸೆಲ್ಲಿನ 7.4 ವೋಲ್ಟ್ ಬ್ಯಾಟರಿ ತಂದು, ಮೋಟರುಗಳನ್ನು ಸಮಾಂತರವಾಗಿ ಜೋಡಿಸಿ, 6 ವೋಲ್ಟಿಗಿಂತ ಬಹಳ ಮೇಲೆ ಹೋಗದಂತೆ ಟ್ರಾನ್ಸ್‌ಮಿಟರಿನಲ್ಲಿ ಥ್ರಾಟಲ್ಲಿನ ಮಿತಿಯನ್ನು ತುಸು ಇಳಿಸಿರಿ. ಆಗ ಪ್ರತಿ ಮೋಟರಿಗೂ ಪೂರ್ತಿ ವೋಲ್ಟೇಜ್ ಸಿಗುತ್ತದೆ. ಮುಂದಿನದು ಗಾಳಿಯಲ್ಲಿ ತಿರುಗಿದರೂ ಹಿಂದಿನದು ತನಗೆ ಬೇಕಾದಷ್ಟು ಕರೆಂಟ್ ಎಳೆದುಕೊಂಡು ತಳ್ಳುತ್ತದೆ. ಎರಡೂ ಒಟ್ಟಿಗೆ ಸಿಕ್ಕಿಕೊಂಡಾಗ ಹರಿಯುವ ಕರೆಂಟನ್ನು ತಾಳುವ ಇಎಸ್‌ಸಿ (ಮೋಟರಿನ ವೇಗವನ್ನು ಹತೋಟಿಯಲ್ಲಿಡುವ ಎಲೆಕ್ಟ್ರಾನಿಕ್ ಸಾಧನ) ಮಾತ್ರ ಇರಲೇಬೇಕು. ರೋಬೋ ಕಿಟ್‌ಗಳಲ್ಲಿ ಬರುವ ಎಲ್298 ಚಿಪ್ಪಿನ ಬೋರ್ಡ್ ಈ ಕೆಲಸಕ್ಕಲ್ಲ. ಒಂದು ಚಾನಲ್ಲಿಗೆ 2 ಆಂಪಿಯರ್ ಅದರ ಮಿತಿ, ಸಾಲದ್ದಕ್ಕೆ ಸುಮಾರು 2 ವೋಲ್ಟನ್ನು ಅದೇ ಬಿಸಿಯಾಗಿ ಕಳೆಯುತ್ತದೆ.

ಮೋಟರಿನ ಗಾತ್ರವನ್ನು ಲೆಕ್ಕ ಹಾಕಿಯೇ ನೋಡೋಣ. ಚಕ್ರದ ವ್ಯಾಸ 110 ಮಿ.ಮೀ. ಎಂದಿಟ್ಟುಕೊಂಡರೆ ಒಂದು ಸುತ್ತಿಗೆ ಸುಮಾರು 345 ಮಿ.ಮೀ., ನಿಮಿಷಕ್ಕೆ 100 ಸುತ್ತಿಗೆ 34.5 ಮೀಟರ್, ಅಂದರೆ ಗಂಟೆಗೆ ಸುಮಾರು 2 ಕಿ.ಮೀ. ನೋಡುವವರಿಗೆ ಬೇಸರವಾಗಬಹುದಾದ ಈ ವೇಗವೇ ಕ್ರಾಲರ್‌ಗೆ ತಕ್ಕ ವೇಗ. 2.5 ಕೆಜಿ ತೂಕದ ಗಾಡಿ 45 ಡಿಗ್ರಿ ಇಳಿಜಾರಿನಲ್ಲಿ ನಿಂತಾಗ ಅದನ್ನು ಕೆಳಕ್ಕೆಳೆಯುವ ಭಾರ ಸುಮಾರು 1.8 ಕೆಜಿ, ಚಕ್ರದ ತ್ರಿಜ್ಯ 5.5 ಸೆಂ.ಮೀ. ಆದ್ದರಿಂದ ಬೇಕಾದ ಟಾರ್ಕ್ ಒಟ್ಟು ಸುಮಾರು 10 ಕೆಜಿ-ಸೆಂ.ಮೀ. ಒಂದೇ ಆಕ್ಸಲ್ ಈ ಹೊರೆಯನ್ನೆಲ್ಲ ಹೊರುವ ಸಂದರ್ಭ ಮೇಲಿಂದ ಮೇಲೆ ಬರುವುದರಿಂದ, ಮತ್ತು ಮೋಟರನ್ನು ಅದರ ಸ್ಟಾಲ್ ಟಾರ್ಕಿನ (ಹೊರೆಗೆ ಸಿಕ್ಕು ಪೂರ್ತಿ ನಿಂತುಬಿಟ್ಟಾಗ ಅದು ಕೊಡುವ ಟಾರ್ಕಿನ) ಅರ್ಧಕ್ಕಿಂತ ಮೇಲೆ ಬಹಳ ಹೊತ್ತು ದುಡಿಸಿದರೆ ಸುಡುವುದರಿಂದ, ಪ್ರತಿ ಮೋಟರಿನ ಸ್ಟಾಲ್ ಟಾರ್ಕ್ 20 ಕೆಜಿ-ಸೆಂ.ಮೀ.ಗೆ ಕಡಿಮೆಯಿಲ್ಲದಿರಲಿ. ನಿಮ್ಮ ಮೋಟರು ಅಷ್ಟು ಕೊಡುವುದಾದರೆ ಹೊಸದಕ್ಕೆ ಹಣ ಹಾಕುವ ಅಗತ್ಯವಿಲ್ಲ.

ಪ್ರಶ್ನೆ: ನಮ್ಮೂರಿನಲ್ಲಿ ಬಂಡೆಗೇನೂ ಬರವಿಲ್ಲ, ಆದರೆ ನನ್ನ ಗಾಡಿ ಅರ್ಧ ಹತ್ತಿ ಹಿಂದಕ್ಕೆ ಅಂಗಾತ ಬೀಳುತ್ತದೆ. ಹಿಂಬದಿಗೆ ಭಾರ ಕಟ್ಟಿದರೆ ಸರಿಹೋದೀತೇ?
— ಓದುಗರು, ಚಿತ್ರದುರ್ಗ

ಉತ್ತರ: ಹಿಂದೆ ಕಟ್ಟಿದರೆ ಇನ್ನೂ ಬೇಗ ಬೀಳುತ್ತದೆ. ಭಾರ ಮುಂದಿರಬೇಕು, ಅದಕ್ಕಿಂತ ಮುಖ್ಯವಾಗಿ ಕೆಳಗಿರಬೇಕು. ಎರಡು ಆಕ್ಸಲ್‌ಗಳ ನಡುವಿನ ಅಂತರ 300 ಮಿ.ಮೀ. ಇದ್ದು, ಗುರುತ್ವ ಕೇಂದ್ರವು ಸರಿಯಾಗಿ ನಡುವೆ, ನೆಲದಿಂದ 120 ಮಿ.ಮೀ. ಎತ್ತರದಲ್ಲಿದ್ದರೆ, ಟಯರಿನ ಹಿಡಿತ ತಪ್ಪದಿದ್ದರೂ ಸುಮಾರು 51 ಡಿಗ್ರಿಯಲ್ಲಿ ಗಾಡಿ ಮಗುಚುತ್ತದೆ. ತೂಕದ ಶೇ. 60ರಷ್ಟನ್ನು ಮುಂದಿನ ಚಕ್ರಗಳಿಗೆ ಸರಿಸಿ, ಎತ್ತರವನ್ನು 90 ಮಿ.ಮೀ.ಗೆ ಇಳಿಸಿದರೆ ಅದೇ ಗಾಡಿ 63 ಡಿಗ್ರಿಯವರೆಗೆ ನಿಲ್ಲುತ್ತದೆ. ಅಡುಗೆಮನೆಯ ತೂಕದ ಯಂತ್ರದ ಮೇಲೆ ಮುಂದಿನ ಚಕ್ರಗಳನ್ನೂ, ಅಷ್ಟೇ ಎತ್ತರದ ಪುಸ್ತಕಗಳ ಮೇಲೆ ಹಿಂದಿನವನ್ನೂ ಇಟ್ಟರೆ ಮುಂದಿನ ಪಾಲೆಷ್ಟೆಂಬುದು ತಿಳಿಯುತ್ತದೆ. ಮೊದಲು ಬ್ಯಾಟರಿಯನ್ನು ಮುಂದಿನ ಆಕ್ಸಲ್ಲಿನ ಹತ್ತಿರಕ್ಕೆ, ಸಾಧ್ಯವಾದಷ್ಟು ತಗ್ಗಿಗೆ ತನ್ನಿರಿ. ಅದೂ ಸಾಲದಿದ್ದರೆ ಮುಂದಿನ ಚಕ್ರಗಳ ರಿಮ್ಮಿಗೆ, ಟಯರಿನ ಒಳಗಡೆ, ಬೆಸುಗೆಯ ಸೀಸದ ತಂತಿಯನ್ನು ಸುತ್ತಿರಿ. ಆ ಭಾರ ಸ್ಪ್ರಿಂಗಿನ ಮೇಲೆ ಕೂರುವುದಿಲ್ಲವಾದ್ದರಿಂದ ಗಾಡಿಯ ಮೈ ಜಗ್ಗುವುದಿಲ್ಲ. ಸೀಸ ಮುಟ್ಟಿದ ಮೇಲೆ ಕೈ ತೊಳೆಯುವುದನ್ನು ಮರೆಯಬೇಡಿ. ಚೆಂದಕ್ಕೆಂದು ಮೇಲೆ ಕೂರಿಸಿದ ಕಬ್ಬಿಣದ ಕ್ಯಾರಿಯರ್ ಏನಾದರೂ ಇದ್ದರೆ ಅದನ್ನು ಇಂದೇ ಬಿಚ್ಚಿಡಿ.

ಪ್ರಶ್ನೆ: ಚಕ್ರ ಕಲ್ಲಿಗೆ ಒತ್ತಿಕೊಂಡಿರುವಾಗ ಸ್ಟಿಯರಿಂಗ್ ತಿರುಗಿಸಿದರೆ ಇಡೀ ಗಾಡಿ ಒಂದು ಕ್ಷಣ ಸತ್ತು ಮತ್ತೆ ಜೀವ ಪಡೆಯುತ್ತದೆ. ರಿಸೀವರ್ ಕೆಟ್ಟಿದೆಯೆಂದು ಎಸ್.ಪಿ. ರಸ್ತೆಯಲ್ಲಿ ಹೊಸದನ್ನು ಕೊಂಡು ತಂದರೂ ಹಾಗೆಯೇ.
— ಓದುಗರು, ಬೆಂಗಳೂರು

ಉತ್ತರ: ಹಳೆಯ ರಿಸೀವರ್ ಚೆನ್ನಾಗಿಯೇ ಇದ್ದಿರಬೇಕು. ಚಕ್ರಗಳನ್ನು ಎಡಬಲಕ್ಕೆ ಹೊರಳಿಸುವ ಸಣ್ಣ ಮೋಟರು, ಅಂದರೆ ಸರ್ವೋ, ಸಿಕ್ಕಿಕೊಂಡಾಗ 2 ಆಂಪಿಯರ್‌ಗೂ ಹೆಚ್ಚು ಕರೆಂಟ್ ಎಳೆಯುತ್ತದೆ. ಇಎಸ್‌ಸಿಯೊಳಗಿನ ಸಣ್ಣ 5 ವೋಲ್ಟ್ ಸರಬರಾಜು ಅದನ್ನು ತಾಳಲಾರದೆ ಕುಸಿದು, ಅದೇ ತಂತಿಯಿಂದ ವಿದ್ಯುತ್ ಪಡೆಯುವ ರಿಸೀವರ್ ಆರಿ ಹೊತ್ತಿಕೊಳ್ಳುತ್ತದೆ. ಸರ್ವೋಗೆಂದೇ 5 ಆಂಪಿಯರ್‌ನ ಪ್ರತ್ಯೇಕ ಬಿಇಸಿ (ಬ್ಯಾಟರಿಯ ವೋಲ್ಟೇಜನ್ನು ಇಳಿಸಿಕೊಡುವ ಸಾಧನ) ಹಾಕಿ, ಸಿಗ್ನಲ್ ತಂತಿ ಮತ್ತು ನೆಗೆಟಿವ್ ತಂತಿ ಮಾತ್ರ ರಿಸೀವರಿಗೆ ಹೋಗುವಂತೆ ಮಾಡಿರಿ.

ಪ್ರಶ್ನೆ: ಯಾವ ಭಾಗಗಳನ್ನು ಕೈಯಾರೆ ಮಾಡಬಹುದು, ಯಾವುದನ್ನು ಕೊಳ್ಳಬೇಕು? ರೇಡಿಯೋಗೆ ಲೈಸೆನ್ಸ್ ಬೇಕೇ?
— ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ನಿಗದಿತ ಶಕ್ತಿಯ ಮಿತಿಯೊಳಗೆ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಕೆಲಸ ಮಾಡುವ ಸಾಧನಗಳಿಗೆ ಭಾರತದಲ್ಲಿ ಲೈಸೆನ್ಸ್ ಬೇಕಿಲ್ಲ.

ಚಾಸಿಯನ್ನು ಅಲ್ಯೂಮಿನಿಯಂ ಪಟ್ಟಿಯಿಂದಲೂ, ಆಕ್ಸಲ್ಲನ್ನು ಚಾಸಿಗೆ ಹಿಡಿದಿಡುವ ನಾಲ್ಕು ಕಡ್ಡಿಗಳನ್ನು 4 ಮಿ.ಮೀ. ಥ್ರೆಡ್ ರಾಡಿನಿಂದಲೂ ಧಾರಾಳವಾಗಿ ಮಾಡಬಹುದು. ಕೆಳಗಿನ ಎರಡು ಕಡ್ಡಿಗಳು ಹೆಚ್ಚು ಕಡಿಮೆ ನೇರವಾಗಿರಲಿ, ಮೇಲಿನ ಎರಡು ತ್ರಿಕೋನದಂತೆ ಒಂದು ತುದಿಯಲ್ಲಿ ಕೂಡಿಕೊಳ್ಳಲಿ. ಆಕ್ಸಲ್ ಅಡ್ಡಡ್ಡ ಸರಿಯದಂತೆ ತಡೆಯುವುದು ಆ ತ್ರಿಕೋನವೇ. ಪೆನ್ನಿನ ಸ್ಪ್ರಿಂಗ್‌ಗಳು ಈ ಭಾರಕ್ಕೆ ಸಾಲವು. ಮುಂದಿನ ಚಕ್ರಗಳ ಯೂನಿವರ್ಸಲ್ ಜಾಯಿಂಟನ್ನು ಮಾತ್ರ ಕೊಂಡುಬಿಡಿ. ಚಕ್ರ ತಿರುಗಬೇಕು, ಜೊತೆಗೆ ಎಡಬಲಕ್ಕೆ ಹೊರಳಲೂ ಬೇಕು; ಇವೆರಡನ್ನೂ ಒಟ್ಟಿಗೆ ತಾಳುವ ಕೀಲನ್ನು ಲೇತ್ ಇಲ್ಲದೆ ಮನೆಯಲ್ಲಿ ಮಾಡಹೊರಟವರ ಮೊಳೆ, ಪಿನ್ನುಗಳೆಲ್ಲ ಮೊದಲ ಬಂಡೆಯಲ್ಲೇ ಬಾಗಿದ್ದನ್ನು ಕಂಡಿದ್ದೇನೆ, ಅವುಗಳಲ್ಲಿ ನನ್ನವೂ ಇದ್ದವು.

ಟಯರಿಗೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿಗಳನ್ನು ಮೆತ್ತನೆಯ ಸ್ಪಂಜಿನ ಮೇಲೆ ಅಂಟಿಸಿದರೆ ಮೊದಲ ಪ್ರಯತ್ನಕ್ಕೆ ಸಾಕು. ಒಳಗಿನ ಗಾಳಿ ಹೊರಹೋಗಲು ರಿಮ್ಮಿನಲ್ಲೊಂದು ಸಣ್ಣ ತೂತಿರಲಿ, ಇಲ್ಲವಾದರೆ ಟಯರು ಕಲ್ಲಿನ ಆಕಾರಕ್ಕೆ ಬಾಗದೆ ಚೆಂಡಿನಂತೆ ಪುಟಿಯುತ್ತದೆ. ಪರೀಕ್ಷೆಯನ್ನು ಒಣ ಬಂಡೆಯ ಮೇಲೆಯೇ ಮಾಡಿರಿ. ಮಳೆಗಾಲದಲ್ಲಿ ಪಾಚಿ ಹಿಡಿದ ಕಲ್ಲಿನ ಮೇಲೆ ಕೊಂಡು ತಂದ ದುಬಾರಿ ಟಯರೂ ಜಾರುತ್ತದೆ.