ಹಿತ್ತಲಲ್ಲಿ ಪಿಜ್ಜಾ ಓವನ್: ನೀವು ಕೇಳಿದ್ದು, ನಾವು ಹೇಳಿದ್ದು

ಪ್ರಶ್ನೆ: ನಮ್ಮದು ಹಾಸನದ ಹತ್ರ. ಮಕ್ಕಳ ಆಸೆಗೆ ಹಿತ್ತಲಲ್ಲಿ ಸೌದೆ ಪಿಜ್ಜಾ ಓವನ್ ಕಟ್ಟಿಸ್ಬೇಕು ಅಂತಿದೀವಿ. ಮನೆ ಕಟ್ಟಿದಾಗ ಉಳಿದ ಇಟ್ಟಿಗೆ ಇದೆ. "ಅದೇ ಸಾಕು, ಸಿಮೆಂಟ್ ಒಂಚೂರು ಜಾಸ್ತಿ ಹಾಕಿದ್ರೆ ಗಟ್ಟಿ ನಿಲ್ಲತ್ತೆ" ಅಂತಾರೆ ಮೇಸ್ತ್ರಿ. ನಂಬಬಹುದಾ?

ಉತ್ತರ: ಮೇಸ್ತ್ರಿ ಗೋಡೆ ಲೆಕ್ಕದಲ್ಲಿ ಹೇಳ್ತಿದಾರೆ, ಗೋಡೆಗಾದ್ರೆ ಅವರ ಮಾತು ಸರಿನೇ. ಆದ್ರೆ ಈ ಓವನ್ನಿನ ನೆಲ 400 ಡಿಗ್ರಿ ಸೆಲ್ಸಿಯಸ್ ದಾಟತ್ತೆ, ಇಟಲಿಯ ನೇಪಲ್ಸ್‌ನವರು ಒಂದು ಪಿಜ್ಜಾನ 60ರಿಂದ 90 ಸೆಕೆಂಡಲ್ಲಿ ಬೇಯಿಸಿ ಎಳೀತಾರಲ್ಲ, ಅದು ಆ ಬಿಸಿಗೆ. ಬರೀ ಸಿಮೆಂಟ್ ಗಾರೆ ಅಷ್ಟು ಬಿಸಿಯನ್ನ ಮತ್ತೆ ಮತ್ತೆ ಕಂಡ್ರೆ ಒಳಗಿನ ನೀರಿನಂಶ ಬಿಟ್ಟು ಪುಡಿಪುಡಿ ಆಗತ್ತೆ, ಸಿಮೆಂಟ್ ಜಾಸ್ತಿ ಹಾಕಿದ್ರೆ ಬಿರುಕೂ ಜಾಸ್ತಿ. ಅದಕ್ಕೇ 3 ಪಾಲು ಸಣ್ಣ ಮರಳು, 1 ಪಾಲು ಸಿಮೆಂಟ್, 1 ಸುಣ್ಣ, 1 ಫೈರ್ ಕ್ಲೇ (ಬೆಂಕಿ ತಡೆಯೋ ಜೇಡಿಮಣ್ಣಿನ ಪುಡಿ), ಹೀಗೆ ಕಲಸಿ. ಇಲ್ಲಿ ಸಿಮೆಂಟ್ ಇರೋದು ಕಟ್ಟೋವಾಗ ಇಟ್ಟಿಗೆ ಜಾರದ ಹಾಗೆ ಹಿಡ್ಕೊಳ್ಳೋಕೆ ಅಷ್ಟೇ, ಆಮೇಲೆ ಅದು ಸತ್ರೂ ಸುಣ್ಣ ಮತ್ತು ಜೇಡಿ ಹಿಡ್ಕೊಂಡಿರತ್ತೆ.

ಉಳಿದ ಇಟ್ಟಿಗೆ ಬಿಸಾಡಬೇಡಿ, ಕೆಳಗಿನ ಕಟ್ಟೆಗೆ, ಮುಂಭಾಗದ ಅಂದಕ್ಕೆ ಬೇಕಾಗತ್ತೆ. ಬೆಂಕಿ ತಾಗೋ ಕಡೆಗೆ ಮಾತ್ರ ಫೈರ್ ಬ್ರಿಕ್, ಅಂದ್ರೆ ಬಿಸಿ ತಡೆಯೋ ಇಟ್ಟಿಗೆ ತರ್ಸಿ. 9 ಇಂಚು ಉದ್ದ, ನಾಲ್ಕೂವರೆ ಅಗಲ, 3 ದಪ್ಪ. ಒಳಗೆ 36 ಇಂಚು ಅಗಲ, 18 ಇಂಚು ಎತ್ತರದ ಗುಮ್ಮಟ ಅಂದ್ಕೊಂಡ್ರೆ ನೆಲಕ್ಕೆ, ಗುಮ್ಮಟಕ್ಕೆ, ಬಾಯಿ ಕಮಾನಿಗೆ ಎಲ್ಲ ಸೇರಿ ಸುಮಾರು 130 ಬೇಕು. ನೆಲದ ಇಟ್ಟಿಗೆಗೆ ಗಾರೆ ಹಾಕ್ಬೇಡಿ, ಮರಳು ಫೈರ್ ಕ್ಲೇ ಬೆರೆಸಿ ತೆಳ್ಳಗೆ ಹರಡಿ ಅದರ ಮೇಲೆ ಒತ್ತಾಗಿ ಕೂರ್ಸಿ. ಮುಂದೆ ಒಂದು ಒಡೆದ್ರೆ ಕಿತ್ತು ಬದಲಾಯಿಸ್ಬಹುದು.

ಇನ್ನೊಂದು ಮಾತು, ದುಡ್ಡು ಕಡಿಮೆ ಬಿದ್ರೆ ಇಟ್ಟಿಗೆ ಅಂದಕ್ಕೆ ಕತ್ತರಿ ಹಾಕಿ, ಇನ್ಸುಲೇಷನ್‌ಗೆ (ಬಿಸಿ ಸೋರದ ಹಾಗೆ ತಡೆಯೋ ಪದರಕ್ಕೆ) ಹಾಕ್ಬೇಡಿ. ನೆಲದ ಇಟ್ಟಿಗೆನ ಸೀದಾ ಕಾಂಕ್ರೀಟ್ ಸ್ಲಾಬ್ ಮೇಲಿಟ್ರೆ ನೀವು ಹಾಕಿದ ಸೌದೆಯೆಲ್ಲ ಸ್ಲಾಬ್ ಕಾಯ್ಸೋಕೇ ಹೋಗತ್ತೆ, ಪಿಜ್ಜಾ ಮೇಲೆ ಸೀದು ಕೆಳಗೆ ಹಸಿ ಹಿಟ್ಟು. ಸ್ಲಾಬ್ ಮೇಲೆ 5 ಪಾಲು ವರ್ಮಿಕ್ಯುಲೈಟ್ (ಬಿಸಿ ತಡೆಯೋ ಹಗುರ ಖನಿಜದ ಹರಳು) 1 ಪಾಲು ಸಿಮೆಂಟ್ ಕಲಸಿ 4 ಇಂಚು ಹಾಕ್ಸಿ. ಗುಮ್ಮಟದ ಮೇಲೆ ಸೆರಾಮಿಕ್ ಬ್ಲಾಂಕೆಟ್ (ಬೆಂಕಿಗೆ ಸುಡದ ಎಳೆಗಳ ಹೊದಿಕೆ), 1 ಇಂಚಿಂದು ಎರಡು ಸುತ್ತಾದ್ರೂ ಇರ್ಲಿ. ಅದನ್ನ ಕತ್ತರಿಸೋವಾಗ ಮಾಸ್ಕು, ಗ್ಲೌಸು ಹಾಕ್ಕೊಳ್ಳೋಕೆ ಹೇಳಿ, ಅದರ ಎಳೆ ಶ್ವಾಸಕೋಶಕ್ಕೆ ಹೋಗ್ಬಾರದು.

ಪ್ರಶ್ನೆ: ಎಲ್ಲ ಸರಿಯಾಗೇ ಕಟ್ಸಿದ್ವಿ, ಮೊದಲ ಸಲ ಪಿಜ್ಜಾ ಮಾಡೋಣ ಅಂತ ಹಚ್ಚಿದ ದಿನವೇ ಗುಮ್ಮಟ ಬಿರುಕು ಬಿಡ್ತು. ಇಟ್ಟಿಗೆ ಕಳಪೆನಾ?

ಉತ್ತರ: ಇಟ್ಟಿಗೆಗೆ ಬೈಬೇಡಿ, ನಿಮ್ಮ ಆತುರಕ್ಕೆ ಬೈಕೊಳ್ಳಿ. ನಾನೂ ಇದೇ ಮಾಡಿದ್ದು. ನನ್ನ ಮೊದಲ ಓವನ್ ಮುಗಿದ ಮೂರನೇ ದಿನ ಭಾನುವಾರ, ಊರಿಂದ ಭಾವ ಬಂದಿದ್ರು, ತೋರ್ಸೋ ಹುರುಪಲ್ಲಿ ಒಂದು ಹೊರೆ ಸರ್ವೆ ಸೌದೆ ಒಟ್ಟಿಗೆ ತುಂಬಿ ಹಚ್ಚಿದೆ. ಅರ್ಧ ಗಂಟೆಗೆ "ಟಪ್" ಅಂತ ಸದ್ದು, ಬಾಯಿಂದ ನೆತ್ತಿವರೆಗೂ ಒಂದು ಗೆರೆ. ಭಾವ ಏನೂ ಅನ್ಲಿಲ್ಲ, ಟೀ ಕುಡೀತಾ ಗೆರೆನೇ ನೋಡ್ತಿದ್ರು, ಅದು ಬೈದಿದ್ದಕ್ಕಿಂತ ಜಾಸ್ತಿ.

ಆಗೋದು ಏನಂದ್ರೆ ಗಾರೆಲಿ, ಇಟ್ಟಿಗೆಲಿ, ಕೆಳಗಿನ ವರ್ಮಿಕ್ಯುಲೈಟ್‌ನಲ್ಲಿ ಬಕೆಟ್‌ಗಟ್ಟಲೆ ನೀರು ಕೂತಿರತ್ತೆ. ನೀರು ಆವಿ ಆದ್ರೆ ಸುಮಾರು 1,600 ಪಟ್ಟು ಹಿಗ್ಗತ್ತೆ, ಮೆಲ್ಲಗೆ ಹೊರಗೆ ಹೋಗೋಕೆ ಟೈಮ್ ಕೊಡ್ಲಿಲ್ಲ ಅಂದ್ರೆ ದಾರಿ ಅದೇ ಮಾಡ್ಕೊಳ್ಳತ್ತೆ. ಕಟ್ಟಿದ್ಮೇಲೆ ಮೊದಲ ಕೆಲವು ದಿನ ಒದ್ದೆ ಗೋಣಿಚೀಲ ಹೊದೆಸಿ, ಆಮೇಲೆ ಒಂದು ವಾರ ಸುಮ್ಮನೆ ಒಣಗೋಕೆ ಬಿಡಿ. ಆಮೇಲೆ ಸಣ್ಣ ಬೆಂಕಿ, ಮೊದಲ ದಿನ 150 ಡಿಗ್ರಿ ದಾಟದ ಹಾಗೆ ನಾಲ್ಕೈದು ಗಂಟೆ ಪುರಳೆ ಉರಿಸಿ, ದಿನಾ ಒಂದು 40, 50 ಡಿಗ್ರಿ ಏರಿಸ್ತಾ ಒಂದು ವಾರ. ಟೆಂಪರೇಚರ್ ನೋಡೋ ಗನ್ ಸಿಗತ್ತೆ, ತಗೊಳ್ಳಿ, ಅಂದಾಜು ಸಾಲಲ್ಲ. ಒಣಗಿದ್ಯಾ ಅಂತ ನೋಡೋಕೆ ಬ್ಲಾಂಕೆಟ್ ಮೇಲೆ ಪ್ಲಾಸ್ಟಿಕ್ ಶೀಟ್ ಹೊದೆಸಿ ಸಣ್ಣಗೆ ಬೆಂಕಿ ಹಾಕಿ, ಶೀಟಿನ ಒಳಗಡೆ ಹನಿ ಕಟ್ಟಿದ್ರೆ ಇನ್ನೂ ನೀರಿದೆ ಅಂತ. ಹನಿ ನಿಂತ ಮೇಲೆ ಹೊರಗಿನ ಪ್ಲಾಸ್ಟರ್.

ಈಗ ಬಿದ್ದಿರೋ ಬಿರುಕಿನ ಕಥೆ: ಕೂದಲೆಳೆ ಥರ ಇದ್ದು, ಬಿಸಿಯಾದಾಗ ಬಿಟ್ಕೊಂಡು ತಣ್ಣಗಾದಾಗ ಮುಚ್ಕೊಳ್ತಿದ್ರೆ ಅದರ ಪಾಡಿಗೆ ಅದು ಇರ್ಲಿ, ನಂದು ಹಾಗೇ ಇದೆ. ಇಟ್ಟಿಗೆ ಅಲುಗಾಡ್ತಿದ್ರೆ ಮಾತ್ರ ಆ ಜಾಗ ಬಿಚ್ಚಿ ಕಟ್ಸಿ. ಮತ್ತೆ, ನಿಮ್ಮ ಕಡೆ ಮಳೆ ಜೋರು ಅಂದ್ರೆ ಮೇಲೊಂದು ಶೀಟ್ ಛಾವಣಿ ಬೇಕೇ ಬೇಕು. ಒಂದು ಮಳೆಗಾಲ ನೆನೆದ್ರೆ ಬ್ಲಾಂಕೆಟ್ ಒದ್ದೆ ಕಂಬಳಿ ಆಗತ್ತೆ, ಆಗ ಒಣಗಿಸೋ ಬೆಂಕಿ ಮತ್ತೆ ಮೊದಲಿಂದ.

ಪ್ರಶ್ನೆ: ನೆತ್ತಿ ಮೇಲೆ ಚಿಮಣಿ ಇಟ್ಟಿದೀವಿ. ಆದ್ರೂ ಓವನ್ ಬಿಸಿ ಏರ್ತಿಲ್ಲ, ಸೌದೆ ಮಾತ್ರ ಖಾಲಿ ಆಗ್ತಿದೆ.

ಉತ್ತರ: ಚಿಮಣಿ ಇರಬೇಕಾದ ಜಾಗ ನೆತ್ತಿ ಅಲ್ಲ, ಬಾಯಿಯಿಂದ ಆಚೆಗೆ, ಮುಂಭಾಗದಲ್ಲಿ. ಬಾಯಿಯ ಕೆಳ ಅರ್ಧದಲ್ಲಿ ತಣ್ಣನೆ ಗಾಳಿ ಒಳಗೆ ಹೋಗತ್ತೆ, ಉರಿ ಗುಮ್ಮಟಕ್ಕೆ ಹೊಡೆದು ಉರುಳ್ಕೊಂಡು ಬಂದು ಮೇಲಿನ ಅರ್ಧದಿಂದ ಹೊರಗೆ ಬರತ್ತೆ. ನೆತ್ತಿಲಿ ತೂತು ಇದ್ರೆ ಬಿಸಿ ಸೀದಾ ಆಕಾಶಕ್ಕೆ. ಆ ತೂತನ್ನ ಫೈರ್ ಬ್ರಿಕ್ ತುಂಡು ಇಟ್ಟು ಮುಚ್ಚಿ, ಮುಂದೆ 6 ಇಂಚಿನ ಕೊಳವೆ ಹಾಕ್ಸಿ. ಹಾಗೇ ಬಾಯಿ ಎತ್ತರ ಅಳೀರಿ, ಗುಮ್ಮಟದ ಒಳ ಎತ್ತರದ ಶೇ. 63ರ ಆಸುಪಾಸು ಇರ್ಬೇಕು, 18 ಇಂಚಿಗೆ ಹನ್ನೊಂದು, ಹನ್ನೊಂದೂವರೆ. "ಪಾತ್ರೆ ಹಿಡಿಸಲ್ಲ" ಅಂತ 15 ಮಾಡಿಸ್ಕೊಂಡೋರನ್ನ ನೋಡಿದೀನಿ, ಅವರದ್ದು ಓವನ್ ಅಲ್ಲ, ಬೆಂಕಿ ಕಾಯ್ಸೋ ಜಾಗ.

ಪ್ರಶ್ನೆ: ಯಾವ ಸೌದೆ? ನೀಲಗಿರಿ ಆಗತ್ತಾ?

ಉತ್ತರ: ಒಣಗಿದ್ರೆ ಆಗತ್ತೆ, ವಾಸನೆ ನನಗೆ ಹಿಡಿಸಲ್ಲ. ಸರ್ವೆ, ಜಾಲಿ, ಹುಣಸೆ ಒಳ್ಳೇದು. ಎರಡು ತುಂಡು ಬಡಿದ್ರೆ ಠಣ್ ಅನ್ಬೇಕು. ಪ್ಲೈವುಡ್, ಬಣ್ಣ ಬಳಿದ ಮರ ಬೇಡವೇ ಬೇಡ.

ಪ್ರಶ್ನೆ: ವಾರಕ್ಕೊಂದು ಪಿಜ್ಜಾಗೆ ಇಷ್ಟೆಲ್ಲ ಯಾಕೆ ಅಂತಾರೆ ನಮ್ಮತ್ತೆ.

ಉತ್ತರ: ಅತ್ತೆಯವರಿಗೆ ಅಯ್ಯಂಗಾರ್ ಬೇಕರಿಯ ಹಳೇ ಸೌದೆ ಒಲೆ ನೆನಪು ಮಾಡ್ಸಿ. ಆ ಬೇಕರಿಯವರ ಮೂಲ ಬಹುಪಾಲು ನಿಮ್ಮ ಹಾಸನ ಜಿಲ್ಲೆನೇ. ನಾನು ಕಂಡ ಒಂದರಲ್ಲಿ ಉರಿಸಿ, ಕೆಂಡ ಎಳೆದು, ಉದ್ದ ಕೋಲಿಗೆ ಕಟ್ಟಿದ ಒದ್ದೆ ಗೋಣಿಲಿ ನೆಲ ಒರೆಸಿ, ಒಂದು ಚಿಟಿಕೆ ಮೈದಾ ಎರಚಿ ನೋಡೋರು, ತಕ್ಷಣ ಕಪ್ಪಾದ್ರೆ ಇನ್ನೂ ತಣಿಯೋಕೆ ಬಿಡ್ಬೇಕು, ನಿಧಾನಕ್ಕೆ ಕೆಂಪಾದ್ರೆ ಬ್ರೆಡ್ ಒಳಗೆ. ನಿಮ್ಮದರಲ್ಲೂ ರಾತ್ರಿ ಪಿಜ್ಜಾ ಮುಗಿದ್ಮೇಲೆ ಬಾಯಿಗೆ ಬಾಗಿಲು ಮುಚ್ಚಿಟ್ರೆ, ಇನ್ಸುಲೇಷನ್ ಚೆನ್ನಾಗಿದ್ರೆ, ಬೆಳಿಗ್ಗೆಯೂ ಬ್ರೆಡ್, ಬನ್ನು ಬೇಯೋವಷ್ಟು ಬಿಸಿ ಉಳ್ದಿರತ್ತೆ, ಮಧ್ಯಾಹ್ನಕ್ಕೆ ಕಡಲೇಬೀಜ ಹುರೀಬಹುದು, ಸಂಜೆಗೆ ಮುಂದಿನ ವಾರದ ಸೌದೆ ಒಳಗಿಟ್ಟು ಒಣಗಿಸ್ಬಹುದು. ಮೊದಲ ಬನ್ನು ಅತ್ತೆಯವರಿಗೇ ಕೊಡಿ.