ಕೇಳಿ, ನಡೆಯಿರಿ: ಕೋಟೆ ಊರಿಗೆ ಕಡಲ ಬಾಗಿಲಿಂದ ಹೋಗಿ

ಕಳೆದ ಸಂಚಿಕೆಯಲ್ಲಿ ಮುಂಬಯಿ ಹತ್ತಿರದ ವಸಯಿ ಕೋಟೆಯ ಹೆಸರನ್ನು ಒಂದೇ ಒಂದು ಸಾಲಲ್ಲಿ ಬರೆದಿದ್ದೆ. ಈ ಸಲದ ಪತ್ರಗಳೆಲ್ಲ ಕೋಟೆಯ ಬಗ್ಗೆಯೇ. ಗೋವಾ, ಪುಣೆಯಿಂದಲೂ ಬಂದಿವೆ. ಹಾಗಾಗಿ ಬೇರೆ ಪ್ರಶ್ನೆಗಳಿಗೆ ಮುಂದಿನ ಸಲ ಉತ್ತರ. ಬೇಜಾರು ಮಾಡ್ಕೊಬೇಡಿ.

ಪ್ರಶ್ನೆ: ನಾನು ಬೀದರಿನವಳು. ಹಳೇ ಊರಿನ ಗೋಡೆಯೊಳಗಿನ ಓಣಿಗಳಲ್ಲೇ ಆಡಿ ಬೆಳೆದೆ. ಮದುವೆಯಾದ ಮೇಲೆ ಡೊಂಬಿವಲಿ. ಮಗಳು ಫ್ರಾನ್ಸಿನಿಂದ ಕಾರ್ಕಸೋನ್ ಎಂಬ ಕೋಟೆ ಊರಿನ ಫೋಟೋ ಕಳಿಸಿದ್ದಾಳೆ. ಒಂದು ಕಲ್ಲೂ ಬಿದ್ದಿಲ್ಲ! ಮುಂಬಯಿ ಹತ್ತಿರ ಹಾಗೆ ಗೋಡೆಯೊಳಗೆ ನಡೆದು ಸುತ್ತುವ ಊರು ಇದೆಯೇ? ತಂಗಿಯನ್ನು ಕರೆದುಕೊಂಡು ಒಂದು ದಿನ ಹೋಗಿಬರುವ ಆಸೆ. — ಓದುಗರೊಬ್ಬರು, ಡೊಂಬಿವಲಿ

ಉತ್ತರ: ಅಕ್ಕಾ, ಇದೆ. ವಸಯಿಯೇ. ಆದರೆ ಮೊದಲೇ ಹೇಳಿಬಿಡುತ್ತೇನೆ, ಅಲ್ಲಿ ಗೋಡೆ ನಿಂತಿದೆ, ಬಾಗಿಲು ನಿಂತಿದೆ, ಬುರುಜು ನಿಂತಿದೆ, ಒಳಗಿನ ಹೆಚ್ಚಿನ ಕಟ್ಟಡಗಳಿಗೆ ಮಾತ್ರ ಸೂರಿಲ್ಲ. ಮಗಳಿಗೂ ಒಂದು ಮಾತು ಹೇಳಿ. ಕಾರ್ಕಸೋನ್‌ನಲ್ಲೂ ಕಲ್ಲು ಬಿದ್ದಿತ್ತು. 1849ರ ಸುಮಾರಿಗೆ ಅಲ್ಲಿನ ಸರಕಾರ ಗೋಡೆ ಕೆಡವಲೇ ಹೊರಟಿತ್ತು. ಜನ ಗಲಾಟೆ ಮಾಡಿ ನಿಲ್ಲಿಸಿದರು. 1853ರಿಂದ ವಿಯೋಲೆ ಲ ದ್ಯೂಕ್ ಎಂಬ ವಾಸ್ತುಶಿಲ್ಪಿ ರಿಪೇರಿಗೆ ಕೈಹಾಕಿದ. ಫೋಟೋದಲ್ಲಿ ಬುರುಜುಗಳಿಗೆ ಚೂಪು ಟೊಪ್ಪಿ ಹಾಕಿದಂತೆ ಕಾಣುತ್ತದಲ್ವಾ, ಅದು ಅವನ ಕೆಲಸ. ಆ ಸೀಮೆಗೆ ಅಂಥ ಮಾಡು ಒಪ್ಪುವುದಿಲ್ಲ ಅಂತ ತಕರಾರು ತೆಗೆದವರೂ ಇದ್ದಾರೆ. ವಸಯಿಯ ಬುರುಜುಗಳಿಗೆ ಯಾರೂ ಹೊಸ ಮಾಡು ಹಾಕಲಿಲ್ಲ. ಪುರಾತತ್ವ ಇಲಾಖೆ ಅಲ್ಲಲ್ಲಿ ಗೋಡೆ ಗಟ್ಟಿ ಮಾಡಿದೆ, ಅಷ್ಟೇ. ನನಗೆ ಅದೇ ಇಷ್ಟ.

1534ರಲ್ಲಿ ಗುಜರಾತಿನ ಸುಲ್ತಾನ ಬಹಾದೂರ್ ಶಾ ವಸಯಿಯನ್ನು ಪೋರ್ಚುಗೀಸರಿಗೆ ಬರೆದುಕೊಟ್ಟ. ಮುಂಬಯಿಯ ದ್ವೀಪಗಳೂ ಅದೇ ಒಪ್ಪಂದದಲ್ಲಿ ಹೋದವು. ಆಗ ವಸಯಿಯ ಮುಂದೆ ಮುಂಬಯಿಯನ್ನು ಕೇಳುವವರೇ ಇರಲಿಲ್ಲ. ಮುಂದಿನ ಇನ್ನೂರು ವರ್ಷ ಪೋರ್ಚುಗೀಸರು ಗೋವಾದಿಂದ ಆಳಿದರೂ ಉತ್ತರದ ಸೀಮೆಗೆಲ್ಲ ವಸಯಿಯೇ ದೊಡ್ಡ ಊರು. ಸಿಪಾಯಿಗಳು ಮಾತ್ರ ಇರುವ ಕೋಟೆ ಅಂದುಕೊಳ್ಳಬೇಡಿ. ಸುಮಾರು ನೂರಹತ್ತು ಎಕರೆ. ಒಳಗೆ ಬೀದಿ, ಚೌಕ, ಮಠ, ಆಸ್ಪತ್ರೆ, ಸಾಹುಕಾರರ ಮನೆ ಎಲ್ಲ ಇದ್ದವು.

ಇನ್ನು ನಡಿಗೆ. ಭೂಮಿಯ ಕಡೆಯ ಬಾಗಿಲಿಂದ ಒಂದು ಟಾರು ರಸ್ತೆ ಕೋಟೆಯ ನಡುವೆಯೇ ಹಾದು ಕಿಲ್ಲಾ ಬಂದರಿನ ಮೀನುಗಾರರ ಕೇರಿಗೆ ಹೋಗುತ್ತದೆ. ರಿಕ್ಷಾದವನು ಅದೇ ರಸ್ತೆಯಲ್ಲಿ ಬಂದು ಕೋಟೆಯ ಮಧ್ಯೆ ಇಳಿಸಿ ‘ಆಲಾ ಕಿಲ್ಲಾ’ (ಕೋಟೆ ಬಂತು) ಅನ್ನುತ್ತಾನೆ. ಹಿತ್ತಿಲ ಬಾಗಿಲಿಂದ ಮನೆಯೊಳಗೆ ಬಂದು ಅಡುಗೆಮನೆ ಯಾವುದು, ಜಗಲಿ ಯಾವುದು ಅಂತ ಹುಡುಕಿದ ಹಾಗಾಗುತ್ತದೆ. ವಸಯಿ ಕಡಲಿಗೆ ಮುಖ ಮಾಡಿದ ಊರು. ಹಡಗಿನಿಂದ ಇಳಿದವರಿಗೆ ಕಾಣಲಿ ಅಂತಲೇ ಕಟ್ಟಿದ್ದು. ಅದಕ್ಕೇ ನೀವು ‘ಕಿಲ್ಲಾ’ ಅನ್ನಬೇಡಿ, ‘ಕಿಲ್ಲಾ ಬಂದರ್, ಜೆಟ್ಟಿ’ ಅನ್ನಿ. ಕೊನೆಯವರೆಗೆ ಹೋಗಿ ಇಳಿಯಿರಿ. ಅಲ್ಲಿ ಬೊಂಬಿಲ್ ಮೀನು ಒಣಗಲು ಹಾಕಿರುತ್ತಾರೆ. ನಮ್ಮಂಥ ಕರಾವಳಿಯವರಿಗೆ ಹಸಿವಾಗುತ್ತದೆ. ನಿಮಗೆ ಕಷ್ಟವಾದರೆ ಸೆರಗು ಮೂಗಿಗೆ ಹಿಡಿದುಕೊಳ್ಳಿ.

ಅಲ್ಲಿಂದ ಸಮುದ್ರದ ಬಾಗಿಲಲ್ಲಿ ಒಳಗೆ ಬನ್ನಿ. ನೇರ ಒಳಗೆ ಹೋಗಲು ಆಗುವುದಿಲ್ಲ, ತಿರುಗಿಕೊಂಡು ಹೋಗಬೇಕು. ಬೀದರಿನವರಿಗೆ ಇದನ್ನು ವಿವರಿಸಬೇಕಿಲ್ಲ. ಓಡಿ ಬಂದು ಗುದ್ದುವುದಕ್ಕೆ ವೈರಿಗೆ ಜಾಗ ಸಿಗಬಾರದು, ತಿರುಗುವಾಗ ಮೇಲಿನವರಿಗೆ ಅವನ ಪಕ್ಕೆ ಸಿಗಬೇಕು. ಒಳಗೆ ಬಂದ ಕೂಡಲೇ ಎತ್ತರಕ್ಕೆ ಕಾಣುವುದು ಸಂತ ಜೋಸೆಫರ ಇಗರ್ಜಿಯ ಗೋಪುರ. ಒಳಗಿನ ಸುತ್ತು ಮೆಟ್ಟಿಲು ಒಬ್ಬರಿಗೇ ಆಗುವಷ್ಟು ಕಿರಿದು. ಬಾಗಿಲು ತೆರೆದಿದ್ದರೆ, ಮೇಲಿಂದ ಯಾರೂ ಇಳಿಯುತ್ತಿಲ್ಲ ಅಂತ ಕೂಗಿ ಕೇಳಿಕೊಂಡು ಹತ್ತಿ. ಮೇಲೆ ನಿಂತರೆ ಇಡೀ ಊರಿನ ನಕ್ಷೆ ಗೊತ್ತಾಗುತ್ತದೆ. ಒಂದು ಕಡೆ ಖಾಡಿ, ಕೆಳಗೆ ಬಣ್ಣದ ದೋಣಿಗಳು, ಈಚೆ ತಾಳೆಮರಗಳ ನಡುವೆ ಬೋಳು ಗೋಡೆಗಳು.

ಮುಂದೆ ನಡುವಿನ ಒಳಕೋಟೆ. ಅದೇ ಮೊದಲು ಕಟ್ಟಿದ್ದು. ಅದರ ಬಾಗಿಲ ಮೇಲೆ 1536 ಅಂತ ಇಸವಿ ಕೆತ್ತಿದ್ದಾರೆ. ಫ್ರಾನ್ಸಿಸ್ಕನ್ ಪಾದ್ರಿಗಳ ಸಂತ ಅಂತೋನಿ ಇಗರ್ಜಿಗೆ ಮಾತ್ರ ಸಮಯ ಇಟ್ಟುಕೊಳ್ಳಿ. ನೆಲದ ತುಂಬ ಸಮಾಧಿ ಕಲ್ಲುಗಳು, ಪೋರ್ಚುಗೀಸ್ ಅಕ್ಷರ, ಮನೆತನದ ಲಾಂಛನ. ಮಾಡು ಇಲ್ಲದ್ದರಿಂದ ಬಿಸಿಲು ನೇರ ಬೀಳುತ್ತದೆ. ಬೆಳಿಗ್ಗೆ ಓರೆ ಬಿಸಿಲಿಗೆ ಅಕ್ಷರ ಚೆನ್ನಾಗಿ ಕಾಣುತ್ತದೆ, ಮಧ್ಯಾಹ್ನ ಏನೂ ಕಾಣದು. ಚಪ್ಪಲಿ ಕಾಲಲ್ಲಿ ಕಲ್ಲಿನ ಮೇಲೆ ನಡೆಯಬೇಡಿ ಅಂತ ಬೋರ್ಡಿಲ್ಲ. ನಾನು ಪಕ್ಕದಲ್ಲೇ ಹಾದು ಹೋಗುತ್ತೇನೆ.

ಗೊನ್ಸಾಲೋ ಗಾರ್ಸಿಯಾ ಅವರ ಇಗರ್ಜಿಗೆ ಮಾತ್ರ ಮಾಡು ಇದೆ, ಪೂಜೆಯೂ ನಡೆಯುತ್ತದೆ. ಅವರು ವಸಯಿಯಲ್ಲೇ ಹುಟ್ಟಿದವರು. 1597ರಲ್ಲಿ ಜಪಾನಿನ ನಾಗಾಸಾಕಿಯಲ್ಲಿ ಶಿಲುಬೆಗೇರಿಸಿದರು. 1862ರಲ್ಲಿ ಸಂತರೆಂದು ಸಾರಿದರು. ನಾಗೇಶ್ವರ, ವಜ್ರೇಶ್ವರಿ ಗುಡಿಗಳೂ ಕೋಟೆಯೊಳಗೇ ಇವೆ. ಬೇಕಾದರೆ ಕೈಮುಗಿದು ನೆರಳಲ್ಲಿ ಕೂರಿ. ಕೊನೆಗೆ ಭೂಮಿಯ ಬಾಗಿಲಿಂದ ಹೊರಗೆ ಬನ್ನಿ, ರಿಕ್ಷಾ ಸಿಗುತ್ತದೆ.

ಡೊಂಬಿವಲಿಯಿಂದ ದಾದರಿಗೆ ಹೋಗಿ ಗಾಡಿ ಬದಲಿಸುವ ಹಣೆಬರಹ ನಿಮಗೆ ಬೇಕಿಲ್ಲ. ದಿವಾ–ವಸಯಿ ಗಾಡಿ ಪಕ್ಕದ ಕೋಪರ್‌ನಲ್ಲಿ ನಿಲ್ಲುತ್ತದೆ. ದಿನಕ್ಕೆ ಕೆಲವೇ ಗಾಡಿ, ಹಿಂದಿನ ದಿನವೇ ಸಮಯ ನೋಡಿಟ್ಟುಕೊಳ್ಳಿ. ಮುಂಬಯಿ ಕಡೆಯಿಂದ ಬರುವವರಿಗೆ ವಿರಾರ್ ಲೋಕಲ್. ಬೆಳಿಗ್ಗೆ ಆ ದಿಕ್ಕಿಗೆ ಸೀಟು ಸಿಗುತ್ತದೆ, ಸಂಜೆ ಚರ್ಚ್‌ಗೇಟ್ ದಿಕ್ಕಿಗೂ ಸಿಗುತ್ತದೆ. ಮುಂಬಯಿಯಲ್ಲಿ ಇಂಥ ಭಾಗ್ಯ ಅಪರೂಪ. ನೀರು ಒಯ್ಯಿರಿ, ಶೌಚಾಲಯದ ಕೆಲಸ ಸ್ಟೇಷನ್ನಿನಲ್ಲೇ ಮುಗಿಸಿಕೊಳ್ಳಿ. ಭಾನುವಾರ ಬೇಡ. ಮದುವೆಗೆ ಮುಂಚಿನ ಫೋಟೋ ತೆಗೆಸುವ ಜೋಡಿಗಳು ಒಂದೊಂದು ಕಮಾನಿಗೂ ಕ್ಯೂ ನಿಂತಿರುತ್ತಾರೆ.

ಪ್ರಶ್ನೆ: ಭೀಮಾಶಂಕರ ದೇವಸ್ಥಾನದ ಗಂಟೆ ವಸಯಿಯದ್ದು ಅಂತಾರೆ. ನಿಜವಾ, ಸುಮ್ನೆ ಕಥೆಯಾ? — ಕಾಲೇಜು ಹುಡುಗ, ಪುಣೆ

ಉತ್ತರ: ನಿಜ ತಮ್ಮಾ. ಪೇಶ್ವೆ ಬಾಜೀರಾಯನ ತಮ್ಮ ಚಿಮಾಜಿ ಅಪ್ಪ ವಸಯಿಗೆ ಮುತ್ತಿಗೆ ಹಾಕಿದ. ಮೂರು ಕಡೆ ನೀರು, ಕೆಸರು. ಮರಾಠರಿಗೆ ಸಿಕ್ಕಿದ್ದು ಉತ್ತರದ ನೆಲ ಒಂದೇ. ಗೋಡೆಯ ಬುಡಕ್ಕೆ ಸುರಂಗ ತೋಡಿ ಮದ್ದು ತುಂಬಿ ಸಿಡಿಸಿದರು. ಸಂತ ಸೆಬಾಸ್ಟಿಯನ್ ಬುರುಜು ಬಿರುಕು ಬಿಟ್ಟಿತು. 1739ರ ಮೇ ತಿಂಗಳಲ್ಲಿ ಪೋರ್ಚುಗೀಸರು ಶರಣಾದರು. ಹೆಂಡತಿ ಮಕ್ಕಳೊಂದಿಗೆ ಮರ್ಯಾದೆಯಾಗಿ ಹೊರಡಲು ಬಿಟ್ಟರು. ಗಂಟೆಗಳು ಮಾತ್ರ ಇಲ್ಲೇ ಉಳಿದವು. ಒಂದೊಂದು ಒಂದೊಂದು ದೇವಸ್ಥಾನಕ್ಕೆ ಹೋಯಿತು. ನಾಸಿಕದ ನಾರೋಶಂಕರ ಗುಡಿಯಲ್ಲೂ ಒಂದಿದೆ. ನೀನು ವಾಯಿ ಹತ್ತಿರದ ಮೇಣವಲಿಗೆ ಹೋಗು. ಪೇಶ್ವೆಗಳ ಮಂತ್ರಿ ನಾನಾ ಫಡ್ನವೀಸರ ವಾಡೆ, ಕೆಳಗೆ ಕೃಷ್ಣೆಯ ಘಾಟು, ಅಲ್ಲಿ ತೂಗುತ್ತಿರುವ ಗಂಟೆಯ ಮೇಲೆ ಮಗುವನ್ನೆತ್ತಿದ ಮೇರಿಯಮ್ಮ. ಯಾರೂ ಅದನ್ನು ಉಜ್ಜಿ ಅಳಿಸಲು ಹೋಗಿಲ್ಲ. ವಸಯಿಗೆ ಹೋಗುವ ಮೊದಲು ಇದನ್ನು ನೋಡಿಕೊಂಡರೆ, ಅಲ್ಲಿ ಗಂಟೆಯಿಲ್ಲದ ಗೋಪುರ ಕಂಡಾಗ ಬೇರೆಯೇ ಅನಿಸುತ್ತದೆ.

ಪ್ರಶ್ನೆ: ನಮ್ಮ ಆಫೀಸು ಮುಂಬಯಿಯ ಫೋರ್ಟ್‌ನಲ್ಲಿ. ಹೆಸರಿಗೆ ಫೋರ್ಟ್, ಕೋಟೆ ಎಲ್ಲಿ ಸ್ವಾಮೀ? — ಓದುಗರು, ಗೋರೆಗಾಂವ್

ಉತ್ತರ: ನಾನೂ ಬಜಾರ್ ಗೇಟ್ ಬೀದಿಯ ಉಡುಪಿ ಹೋಟೆಲಿನಲ್ಲಿ ಮಾಣಿಯಾಗಿದ್ದವನು. ರಾತ್ರಿ ಶಾಲೆಗೆ ಅದೇ ಬೀದಿಯಲ್ಲಿ ಓಡುತ್ತಿದ್ದೆ. ಗೇಟು ಎಲ್ಲಿ ಅಂತ ಗಲ್ಲಾದ ಮೇಲೆ ಕೂತ ಸೇಟರನ್ನು ಕೇಳಿದರೆ, ಗ್ಲಾಸು ಎತ್ತು ಅಂತ ಬೈಗುಳ ಬಿತ್ತು. ಗೇಟು ನಿಜವಾಗಿ ಇತ್ತು. ಬಜಾರ್ ಗೇಟ್, ಅಪೊಲೊ ಗೇಟ್, ಚರ್ಚ್ ಗೇಟ್, ಹೀಗೆ ಮೂರು. ಮೂರನೆಯದು ಈಗಿನ ಹುತಾತ್ಮ ಚೌಕದ ಫ್ಲೋರಾ ಕಾರಂಜಿ ಇರುವಲ್ಲಿ. ಒಳಗಿನ ಸಂತ ಥಾಮಸ್ ಇಗರ್ಜಿಗೆ ಹೋಗುವ ದಾರಿ ಅದು. ದಿನಾ ಲಕ್ಷಾಂತರ ಜನ ಇಳಿಯುವ ಚರ್ಚ್‌ಗೇಟ್ ಸ್ಟೇಷನ್ನಿಗೆ ಹೆಸರು ಬಂದದ್ದು ಈ ಇಲ್ಲದ ಬಾಗಿಲಿಂದ.

1862ರಲ್ಲಿ ಬಾರ್ಟ್ಲ್ ಫ್ರಿಯರ್ ಗವರ್ನರಾಗಿ ಬಂದ. ಅಮೆರಿಕದಲ್ಲಿ ಒಳಯುದ್ಧ, ಇಲ್ಲಿ ಹತ್ತಿ ವ್ಯಾಪಾರದ ಹಣ ಹೊಳೆಯಾಗಿ ಹರಿಯುತ್ತಿತ್ತು. ಒಳಗೆ ಜನ ಹಿಡಿಸುತ್ತಿರಲಿಲ್ಲ. ಗೋಡೆ ಕೆಡವಿಸಿದ. ಉಳಿದ ಒಂದು ತುಂಡು ನೋಡಬೇಕಿದ್ದರೆ ಸಿಎಸ್‌ಎಂಟಿ ಸ್ಟೇಷನ್ ಹಿಂದಿನ ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣಕ್ಕೆ ಹೋಗಿ. ಇನ್ನೊಂದು ಗುರುತು ನಿಮ್ಮ ಕಣ್ಣೆದುರೇ ಇದೆ. ಓವಲ್, ಕ್ರಾಸ್, ಆಜಾದ್ ಮೈದಾನಗಳು. ಗೋಡೆಯಿಂದ ಹೊಡೆದ ಫಿರಂಗಿ ಗುಂಡಿಗೆ ಏನೂ ಅಡ್ಡ ಬರಬಾರದು ಅಂತ ಖಾಲಿ ಬಿಟ್ಟ ಬಯಲಿನ ಉಳಿಕೆ ಅದು. ಇವತ್ತು ಹುಡುಗರು ಅಲ್ಲಿ ಕ್ರಿಕೆಟ್ ಆಡುತ್ತಾರಲ್ಲ, ಅದಕ್ಕೆ ಆ ಫಿರಂಗಿಗಳೇ ಕಾರಣ.

ಪ್ರಶ್ನೆ: ನಾವು ವಿಜಯಪುರದವರು, ವಾಸ್ಕೋದಲ್ಲಿ ಇದೀವಿ. ಹಳೇ ಗೋವಾಕ್ಕೂ ಕೋಟೆ ಗೋಡೆ ಇತ್ತಂತೆ. ಏನಾದ್ರೂ ಉಳದೈತಿ? — ಓದುಗರು, ವಾಸ್ಕೋ

ಉತ್ತರ: ನಿಮ್ಮ ಊರಿನವರದ್ದೇ ಉಳಿದಿದೆ! ಹಳೇ ಗೋವಾದಲ್ಲಿ ಸಂತ ಕಜೆಟಾನರ ಇಗರ್ಜಿ ಹತ್ತಿರ ಕಪ್ಪು ಕಲ್ಲಿನ ಕಂಬಗಳ ಬಾಗಿಲು ಒಂದು ಒಂಟಿಯಾಗಿ ನಿಂತಿದೆ. ಆದಿಲಶಾಹನ ಅರಮನೆಯದ್ದು. 1510ರಲ್ಲಿ ಪೋರ್ಚುಗೀಸರು ಊರು ಹಿಡಿದ ಮೇಲೆ ಅವರ ವೈಸರಾಯ್‌ಗಳೂ ಆ ಅರಮನೆಯಲ್ಲಿ ವಾಸ ಮಾಡಿದರು. ಪ್ರವಾಸಿಗರ ಬಸ್ಸು ಅಲ್ಲಿ ನಿಲ್ಲುವುದೇ ಇಲ್ಲ. ಅಲ್ಲಿಂದ ಮಾಂಡೋವಿ ಕಡೆ ಸ್ವಲ್ಪ ನಡೆದರೆ ವೈಸರಾಯ್ ಕಮಾನು. ವಾಸ್ಕೋ ಡ ಗಾಮನ ಮರಿಮಗ ಫ್ರಾನ್ಸಿಸ್ಕೋ ಡ ಗಾಮ ಕಟ್ಟಿಸಿದ್ದು. ಇಗರ್ಜಿಗಳಲ್ಲಿ ಬೋಂ ಜೀಸಸ್ ನೋಡುವಾಗ ಮುಂಭಾಗದ ಕಪ್ಪು ಕಲ್ಲು ಮುಟ್ಟಿ ನೋಡಿ. ಉಳಿದ ಗೋಡೆ ಗೋವಾದ ಕೆಂಪು ಮುರಕಲ್ಲು. ಕಪ್ಪು ಕಲ್ಲು ವಸಯಿ ಸೀಮೆಯಿಂದ ಹಡಗಿನಲ್ಲಿ ಬಂದದ್ದು.

ಪ್ರಶ್ನೆ: ಪಾಳುಬಿದ್ದ ಕೋಟೆ ನನ್ನ ಅತ್ತೆಗೆ ಆಗುವುದಿಲ್ಲ. ಮಂಡಿ ನೋವು ಬೇರೆ. ಜನ ವಾಸ ಇರುವ ಕೋಟೆ ಊರು ಯಾವುದಾದರೂ? — ಗೃಹಿಣಿ, ಅಂಧೇರಿ

ಉತ್ತರ: ಮೋಟಿ ದಮನ್. ಗುಜರಾತ್ ದಿಕ್ಕಿನ ಗಾಡಿ ಹತ್ತಿ ವಾಪಿಯಲ್ಲಿ ಇಳಿಯಿರಿ. ಅಲ್ಲಿಂದ ಹನ್ನೆರಡು ಕಿಲೋಮೀಟರ್ ರಿಕ್ಷಾ. 1559ರಲ್ಲಿ ಪೋರ್ಚುಗೀಸರು ಹಿಡಿದ ಊರು, 1961ರ ಡಿಸೆಂಬರ್ ತನಕ ಅವರ ಕೈಯಲ್ಲೇ ಇತ್ತು. ಮರಾಠರ ಮುತ್ತಿಗೆಯಲ್ಲಿ ಒಡೆಯಲಿಲ್ಲ, ಅದಕ್ಕೇ ಹತ್ತು ಬುರುಜು, ಎರಡು ಬಾಗಿಲು ಇವತ್ತಿಗೂ ಇವೆ. ಒಳಗೆ ಸರಕಾರಿ ಆಫೀಸು, ಮನೆ, ದೀಪಸ್ತಂಭ. ಬೋಂ ಜೀಸಸ್ ಇಗರ್ಜಿ 1603ರದ್ದು, ಒಳಗಿನ ಮರದ ಕೆತ್ತನೆ ನೋಡಲೇಬೇಕು. ರಸ್ತೆ ಸಪಾಟು, ನೆರಳಿದೆ, ನಿಮ್ಮ ಅತ್ತೆ ನಿಧಾನವಾಗಿ ನಡೆಯಬಹುದು. ಆಫೀಸುಗಳು ತೆರೆದಿರುವ ದಿನ ಹೋದರೆ ಬೀದಿಯಲ್ಲಿ ಜೀವ ಇರುತ್ತದೆ. ಶನಿವಾರ ಭಾನುವಾರ ಮಾತ್ರ ಬೇಡ. ಆ ಎರಡು ದಿನ ಗುಜರಾತಿನಿಂದ ಜನ ಬರುವುದು ಕೋಟೆ ನೋಡಲಿಕ್ಕಲ್ಲ, ಬಾಟಲಿಗೆ.

ಅಷ್ಟು ದೂರ ಬೇಡ ಅಂದರೆ ರೇವದಂಡಾ. ಗೇಟ್‌ವೇಯಿಂದ ಮಾಂಡವಾಕ್ಕೆ ಬೋಟು, ಮುಂದೆ ಅಲಿಬಾಗ್ ದಾಟಿ. ಅಲ್ಲಿ ಗೋಡೆಯೊಳಗೆ ಅಡಿಕೆ ತೆಂಗಿನ ತೋಟಗಳಿವೆ. ನಿಮ್ಮ ಅತ್ತೆ ದಕ್ಷಿಣ ಕನ್ನಡದವರಾದರೆ ಕೋಟೆ ನೋಡುವುದು ಬಿಟ್ಟು ಅಡಿಕೆ ರೇಟು ಕೇಳುತ್ತ ಕೂರುತ್ತಾರೆ.

ಪ್ರಶ್ನೆ: ಮಳೆಗಾಲದಲ್ಲಿ ವಸಯಿ ಕೋಟೆ ಹಸಿರಾಗಿ ಚಂದವಂತೆ, ಹೋಗಬಹುದಾ? — ಓದುಗರು, ಮೀರಾ ರೋಡ್

ಉತ್ತರ: ಚಂದ ಹೌದು. ಗೋಡೆಯ ಮೇಲೆ ಪಾಚಿ, ಮೆಟ್ಟಿಲು ಜಾರುತ್ತದೆ, ಹುಲ್ಲಿನಲ್ಲಿ ಹಾವು. ಗೋಡೆ ಹತ್ತಬೇಡಿ, ಗೋಪುರ ಹತ್ತಬೇಡಿ, ಕೆಳಗಿನ ದಾರಿಯಲ್ಲಷ್ಟೇ ಸುತ್ತಿ. ನನ್ನನ್ನು ಕೇಳಿದರೆ ದೀಪಾವಳಿ ಕಳೆಯಲಿ. ಆಗ ಹುಲ್ಲು ಒಣಗಿ ಸಮಾಧಿ ಕಲ್ಲುಗಳು ಕಾಣತೊಡಗುತ್ತವೆ.